ಬೆಟ್ಟದ ಹಳೆಯ ಅರಣ್ಯ ಬಂಗಲೆಯಲ್ಲಿ ತಂಗುವವರಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಧಾರವಾಡದ ಮಾಳಮಡ್ಡಿಯಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದ ಪತ್ರಕ್ಕೆ ಈ ಸಲದ ಅಂಕಣದ ಬಹುಪಾಲು ಮೀಸಲಾಗಿದೆ. ಅದೇ ವಿಷಯಕ್ಕೆ ಹೊಂದುವ ಇನ್ನೂ ಮೂರು ಪತ್ರಗಳು ಗದಗ, ಹುಬ್ಬಳ್ಳಿ ಮತ್ತು ಹಾವೇರಿಗಳಿಂದ ಬಂದಿದ್ದವು. ಅವನ್ನೂ ಜೊತೆಗೇ ತೆಗೆದುಕೊಂಡಿದ್ದೇನೆ. ಅರಣ್ಯ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ಅದರಲ್ಲಿ ಎಷ್ಟೋ ರಾತ್ರಿಗಳನ್ನು ಘಟ್ಟದ ಬಂಗಲೆಗಳಲ್ಲೇ ಕಳೆದವನಾದ್ದರಿಂದ ಉತ್ತರ ಉದ್ದವಾದರೆ ಓದುಗರು ಮನ್ನಿಸಬೇಕು.

ಪ್ರಶ್ನೆ: ನಮ್ಮ ಮಗಳು ಮತ್ತು ಅಳಿಯ ಅಮೆರಿಕದ ಐಡಾಹೊ ರಾಜ್ಯದ ಬಾಯ್ಸಿ ನಗರದಲ್ಲಿದ್ದಾರೆ. ಸೆಪ್ಟೆಂಬರ್ ತಿಂಗಳಲ್ಲಿ ನಾವು ಅಲ್ಲಿಗೆ ಹೋಗುವವರಿದ್ದೇವೆ. ಅಲ್ಲಿನ ಅರಣ್ಯ ಇಲಾಖೆಗೆ ಸೇರಿದ, ಸುಮಾರು ತೊಂಬತ್ತು ವರ್ಷ ಹಳೆಯದಾದ ಮರದ ಮನೆಯೊಂದನ್ನು ಅವರು ನಮಗಾಗಿ ಎರಡು ರಾತ್ರಿಗೆ ಕಾಯ್ದಿರಿಸಿದ್ದಾರೆ. ಅದು 7,000 ಅಡಿ ಎತ್ತರದ ಬೆಟ್ಟದಲ್ಲಿದೆ. ಕರೆಂಟಿಲ್ಲ, ನಲ್ಲಿಯಿಲ್ಲ, ಪಾಯಖಾನೆ ಹೊರಗಡೆ. ಆಳೂ ಇಲ್ಲ, ಬೀಗದ ಸಂಖ್ಯೆಯನ್ನು ಮಾತ್ರ ಇ-ಮೇಲಿನಲ್ಲಿ ಕಳಿಸುತ್ತಾರಂತೆ. ನನಗೆ 63 ವರ್ಷ, ನಮ್ಮ ಯಜಮಾನರಿಗೆ 69. ಅವರಿಗೆ ಸ್ವಲ್ಪ ಬಿ.ಪಿ. ಇದೆ. ಅಷ್ಟು ಶ್ರೀಮಂತ ದೇಶದ ಸರ್ಕಾರ ಇಂಥ ಮನೆಯನ್ನು ಬಾಡಿಗೆಗೆ ಕೊಡುವುದೇಕೆ? ನಮ್ಮ ವಯಸ್ಸಿನವರು ಹೋಗಬಹುದೆ? ಅಡುಗೆ, ನೀರು, ಪ್ರಾಣಿಗಳ ಭಯ, ಇವುಗಳ ಬಗ್ಗೆ ತಿಳಿಸಿ.

ಉತ್ತರ: ಹೋಗಬಹುದು, ಆದರೆ ಹೋಟೆಲಿನ ಎಣಿಕೆಯನ್ನು ಬಾಯ್ಸಿಯಲ್ಲೇ ಬಿಟ್ಟು ಹೋಗಬೇಕು. ಸರ್ಕಾರ ಏಕೆ ಬಾಡಿಗೆಗೆ ಕೊಡುತ್ತದೆ ಎಂಬಲ್ಲಿಂದಲೇ ತೊಡಗುತ್ತೇನೆ. ಆ ಮನೆಯನ್ನು ಯಾರಿಗಾಗಿ ಕಟ್ಟಿದರು ಎಂಬುದು ಗೊತ್ತಾದರೆ ನಿಮ್ಮ ಉಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ತಾನಾಗಿ ಸಿಗುತ್ತದೆ.

ಅಮೆರಿಕದಲ್ಲಿ ಕಾಡುಗಳನ್ನು ಸರ್ಕಾರ ಕಾಯ್ದಿಡುವ ಕಾನೂನು ಬಂದದ್ದು 1891ರಲ್ಲಿ. ಈಗಿನ ಫಾರೆಸ್ಟ್ ಸರ್ವಿಸ್ ಅಲ್ಲಿನ ಕೃಷಿ ಇಲಾಖೆಯ ಕೈಕೆಳಗೆ ರೂಪುಗೊಂಡದ್ದು 1905ರಲ್ಲಿ. ಗಿಫರ್ಡ್ ಪಿಂಚೊ ಅದರ ಮೊದಲ ಮುಖ್ಯಸ್ಥ. ಅದಕ್ಕೂ ಮೊದಲೇ, 1899ರಲ್ಲಿ, ಪಕ್ಕದ ಮೊಂಟಾನಾ ರಾಜ್ಯದ ಬಿಟರ್‌ರೂಟ್ ಕಾಡಿನ ಇಬ್ಬರು ರೇಂಜರುಗಳು ಆಲ್ಟಾ ಎಂಬಲ್ಲಿ ತಮ್ಮ ಕೈಯಿಂದಲೇ ಹಣ ಹಾಕಿ ದಿಮ್ಮಿಗಳ ಒಂದು ಸಣ್ಣ ಮನೆ ಕಟ್ಟಿಕೊಂಡಿದ್ದರು. ಸರ್ಕಾರಿ ನೌಕರ ತನ್ನ ಸ್ವಂತ ಹಣದಿಂದ ಸರ್ಕಾರಿ ಕಟ್ಟಡ ಕಟ್ಟಿದ ಉದಾಹರಣೆ ನನ್ನ ಸೇವೆಯ ಅವಧಿಯಲ್ಲಂತೂ ಕಾಣಲಿಲ್ಲ. ಕುದುರೆ ಅಥವಾ ಹೇಸರಗತ್ತೆಯ ಬೆನ್ನೇರಿ ದಿನಗಟ್ಟಲೆ ಕಾಡು ಸುತ್ತುವ ಮನುಷ್ಯನಿಗೆ ರಾತ್ರಿ ಒಲೆ ಹಚ್ಚಿ ಮಲಗಲು ಒಂದು ಸೂರು ಬೇಕಿತ್ತು, ಅಷ್ಟೆ.

ಇಂಥ ಮನೆಗಳ ಸಂಖ್ಯೆ ಬೆಳೆಯಲು ಮುಖ್ಯ ಕಾರಣ ಬೆಂಕಿ. 1910ರ ಆಗಸ್ಟ್ 20 ಮತ್ತು 21ರಂದು, ನೀವು ಹೋಗುತ್ತಿರುವ ಐಡಾಹೊ ರಾಜ್ಯದ ಉತ್ತರ ಭಾಗ ಮತ್ತು ಮೊಂಟಾನಾದಲ್ಲಿ ಬಿರುಗಾಳಿಯೊಡನೆ ಹಬ್ಬಿದ ಕಾಳ್ಗಿಚ್ಚು ಎರಡೇ ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡನ್ನು ಸುಟ್ಟಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಬೆಂಕಿ ಆರಿಸಲು ಹೋದವರೇ. ಎಡ್ ಪುಲಾಸ್ಕಿ ಎಂಬ ರೇಂಜರ್ ತನ್ನ ಕೈಕೆಳಗಿನ ನಲವತ್ತಕ್ಕೂ ಹೆಚ್ಚು ಮಂದಿಯನ್ನು ವಾಲೇಸ್ ಊರಿನ ಬಳಿಯ ಹಳೆಯ ಗಣಿಯ ಸುರಂಗದೊಳಗೆ ನುಗ್ಗಿಸಿ, ಸುರಂಗದ ಬಾಯಿಗೆ ಒದ್ದೆ ಕಂಬಳಿ ಕಟ್ಟಿ, ಬಹುಪಾಲು ಮಂದಿಯ ಜೀವ ಉಳಿಸಿದ. ಒಂದು ಬದಿಗೆ ಕೊಡಲಿ, ಇನ್ನೊಂದು ಬದಿಗೆ ಗುದ್ದಲಿಯ ಬಾಯಿ ಇರುವ ಆಯುಧಕ್ಕೆ ಇಂದಿಗೂ ಅವನದೇ ಹೆಸರು. ಬೆಂಕಿ ಕಾವಲಿನವರ ಕೈಯಲ್ಲಿ ನಿಮಗೆ ಅದು ಅಲ್ಲಿ ಕಾಣಿಸಬಹುದು. ಆ ವರ್ಷದ ಅನುಭವದ ನಂತರ, ಹೊಗೆಯನ್ನು ಮೊದಲೇ ಕಂಡು ಅಲ್ಲಿಗೆ ಬೇಗ ತಲುಪಬೇಕೆಂಬ ಉದ್ದೇಶದಿಂದ ಶಿಖರಗಳ ಮೇಲೆ ಕಾವಲು ಅಟ್ಟಣೆಗಳು, ಕಣಿವೆಗಳಲ್ಲಿ ಗಾರ್ಡುಗಳ ಮನೆಗಳು ಸಾಲಾಗಿ ಎದ್ದವು. ಅಟ್ಟಣೆಗಳಲ್ಲಿ ಬಹಳ ಬಳಕೆಗೆ ಬಂದ ಒಂದು ನಮೂನೆ ಕೇವಲ 14 ಅಡಿ ಉದ್ದ, 14 ಅಡಿ ಅಗಲದ ಒಂದೇ ಕೋಣೆ, ನಾಲ್ಕೂ ಕಡೆ ಗಾಜು. ಗುಡುಗು-ಸಿಡಿಲಿನ ಹೊತ್ತಿನಲ್ಲಿ ಕಾವಲುಗಾರ ನೆಲ ಮುಟ್ಟದೆ ಕೂರಲೆಂದು ಅಲ್ಲಿ ಒಂದು ಸ್ಟೂಲು ಇರುತ್ತಿತ್ತು. ಅದರ ನಾಲ್ಕೂ ಕಾಲುಗಳಿಗೆ ತಂತಿ ಕಂಬದ ಮೇಲಿರುವಂಥ ಗಾಜಿನ ಗುಬಟುಗಳನ್ನು ತೊಡಿಸಿರುತ್ತಿದ್ದರು.

ನಿಮ್ಮ ಮನೆಗೆ ತೊಂಬತ್ತು ವರ್ಷವಾಗಿದ್ದರೆ ಅದನ್ನು ಕಟ್ಟಿದವರು ಬಹುಶಃ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ಹುಡುಗರು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದ ತರುಣರಿಗಾಗಿ ಅಧ್ಯಕ್ಷ ರೂಸ್‌ವೆಲ್ಟ್ 1933ರಲ್ಲಿ ತೆರೆದ ಈ ದಳ 1942ರವರೆಗೆ ನಡೆಯಿತು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ನೇರವಾಗಿ ಊರಿನಲ್ಲಿರುವ ತಂದೆ-ತಾಯಿಗೆ ಹೋಗುತ್ತಿತ್ತು. ಮಹಾಯುದ್ಧ ಮುಗಿದ ಮೇಲೆ ಕಾಡಿನೊಳಕ್ಕೆ ರಸ್ತೆಗಳಾದವು, ಜೀಪು ಬಂತು, ವೈರ್‌ಲೆಸ್ ಬಂತು, ಬೆಂಕಿ ನೋಡಲು ವಿಮಾನ ಬಂತು. ಬೆಳಿಗ್ಗೆ ಹೋದ ರೇಂಜರ್ ಸಂಜೆ ಊರಿಗೆ ಮರಳುವಂತಾಯಿತು. ಮನೆಗಳು ಖಾಲಿ ಬಿದ್ದವು. ಖಾಲಿ ಬಿದ್ದ ಮರದ ಮನೆಗೆ ಗೆದ್ದಲು, ಇಲಿ, ಹಿಮ ಇವು ಸೇರಿದರೆ ಹತ್ತು ವರ್ಷ ಸಾಕು. ಕೆಡವುವುದಕ್ಕಿಂತ ಬಾಡಿಗೆಗೆ ಕೊಟ್ಟು, ಬಂದ ಹಣದಲ್ಲಿ ಛಾವಣಿ ಸರಿಪಡಿಸುವುದು ಮೇಲೆಂದು ಅವರು ತೀರ್ಮಾನಿಸಿದರು. 2004ರ ಕಾನೂನಿನ ಪ್ರಕಾರ ಹೀಗೆ ವಸೂಲಾದ ಶುಲ್ಕದಲ್ಲಿ ಕನಿಷ್ಠ ಶೇಕಡಾ 80 ಭಾಗ ಅದು ವಸೂಲಾದ ಕಡೆಯ ಬಳಕೆಗೇ ಉಳಿಯಬೇಕು. ನಮ್ಮಲ್ಲಿ ಬಂಗಲೆಯ ಬಾಡಿಗೆ ಖಜಾನೆಗೆ ಹೋಗಿ, ಒಡೆದ ಹಂಚಿಗೆ ಬೇರೆ ಅರ್ಜಿ ಬರೆಯುತ್ತಿದ್ದ ನನಗೆ ಈ ಏರ್ಪಾಡಿನ ಬಗ್ಗೆ ಸ್ವಲ್ಪ ಅಸೂಯೆಯೇ ಇದೆ. ಹಾಗಾಗಿ ಅಲ್ಲಿ ಕರೆಂಟು, ನಲ್ಲಿ ಇಲ್ಲದಿರುವುದನ್ನು ಕೊರತೆಯೆಂದು ಎಣಿಸಬೇಡಿರಿ. ಕಟ್ಟಿದಾಗ ಹೇಗಿತ್ತೋ ಹಾಗೆಯೇ ಇರಲೆಂದು ಬಿಟ್ಟಿರುವುದು ಅದು.

ಇನ್ನು ನೀವು ಅಲ್ಲಿ ಮುಟ್ಟಿದ ಮೇಲಿನ ಮಾತು. ಬಾಗಿಲು ತೆರೆದ ಕೂಡಲೇ ಕಸಬರಿಗೆ ಹುಡುಕುವುದು ನಮ್ಮವರ ರೂಢಿ. ಅಲ್ಲಿ ಮಾತ್ರ ಹಾಗೆ ಮಾಡಬೇಡಿರಿ. ಅಮೆರಿಕದ ಪಶ್ಚಿಮ ಭಾಗದ ಬೆಟ್ಟಗಳಲ್ಲಿ ಡೀರ್ ಮೌಸ್ ಎಂಬ, ಬಿಳಿ ಹೊಟ್ಟೆಯ ಕಾಡಿಲಿ ಇದೆ. ಅದರ ಹಿಕ್ಕೆ ಮತ್ತು ಮೂತ್ರದಲ್ಲಿ ಹ್ಯಾಂಟಾ ಎಂಬ ವೈರಸ್ ಇರುವ ಸಾಧ್ಯತೆ ಉಂಟು. 1993ರಲ್ಲಿ ಆ ದೇಶದ ನೈರುತ್ಯ ಭಾಗದಲ್ಲಿ ಆರೋಗ್ಯವಂತ ತರುಣರು ಉಸಿರಾಟದ ತೊಂದರೆಯಿಂದ ಸತ್ತಾಗ ಈ ರೋಗ ಮೊದಲ ಬಾರಿ ಗುರುತಾಯಿತು. ರೋಗ ಅಪರೂಪದ್ದು, ಆದರೆ ಬಂದರೆ ಬಹಳ ಕೆಟ್ಟದ್ದು. ಒಣಗಿದ ಹಿಕ್ಕೆಯನ್ನು ಗುಡಿಸಿದಾಗ ಏಳುವ ಧೂಳಿನಿಂದಲೇ ಅದು ಹೆಚ್ಚಾಗಿ ಮನುಷ್ಯನಿಗೆ ತಗಲುತ್ತದೆ. ಆದ್ದರಿಂದ ಮೊದಲು ಬಾಗಿಲು, ಕಿಟಕಿ ಎಲ್ಲವನ್ನೂ ತೆರೆದಿಟ್ಟು ಅರ್ಧ ಗಂಟೆ ಹೊರಗೆ ಕುಳಿತು ಚಾ ಕುಡಿಯಿರಿ. ಆಮೇಲೆ ಕೈಗವಸು ತೊಟ್ಟು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಹಿಕ್ಕೆ ಕಂಡಲ್ಲೆಲ್ಲ ತೋಯುವಂತೆ ಸಿಂಪಡಿಸಿ, ಐದು ನಿಮಿಷ ಬಿಟ್ಟು ಕಾಗದದಿಂದ ಒರೆಸಿ ಚೀಲದಲ್ಲಿ ಕಟ್ಟಬೇಕು. ಬ್ಲೀಚು ಅಲ್ಲಿ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ; ಬಾಯ್ಸಿಯಿಂದಲೇ ಒಯ್ಯಲು ಮಗಳಿಗೆ ಹೇಳಿರಿ.

ಎರಡನೆಯದು ಒಲೆ. ನಿಮ್ಮ ಮನೆಯಲ್ಲಿ ಬಹುಶಃ ಎರಕದ ಕಬ್ಬಿಣದ ಕಟ್ಟಿಗೆ ಒಲೆ ಇರುತ್ತದೆ. ಅದರ ಬೆನ್ನಿನಿಂದ ತಗಡಿನ ಹೊಗೆಕೊಳವೆ ಮಾಡಿನ ಮೇಲಕ್ಕೆ ಹೋಗಿರುತ್ತದೆ. (ಅವರು ಅದಕ್ಕೆ ಚಿಮ್ನಿ ಎನ್ನುತ್ತಾರೆ, ಧಾರವಾಡದ ಕಿವಿಗೆ ಚಿಮಣಿ ಎಂದರೆ ಸೀಮೆಎಣ್ಣೆ ದೀಪ, ಗೊಂದಲ ಬೇಡ.) ಆ ಕೊಳವೆಯೊಳಗೆ ಹೊಗೆ ತಡೆಯುವ ಒಂದು ತಗಡಿನ ಬಿಲ್ಲೆ ಇದ್ದು, ಹೊರಗೆ ಅದರ ಹಿಡಿ ಕಾಣುತ್ತದೆ. ಬೆಂಕಿ ಹಚ್ಚುವ ಮುನ್ನ ಹಿಡಿ ಕೊಳವೆಯ ಉದ್ದಕ್ಕೆ ನಿಂತಿರಬೇಕು. ಅಡ್ಡವಾಗಿದ್ದರೆ ದಾರಿ ಮುಚ್ಚಿದೆ ಎಂದು ಅರ್ಥ, ಹೊಗೆಯೆಲ್ಲ ಕೋಣೆಗೆ ಬರುತ್ತದೆ. ಮಲಗುವಾಗಲೂ ಒಂದು ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಡಿರಿ.

ಇದನ್ನು ಒತ್ತಿ ಹೇಳಲು ನನ್ನ ಮೈಮೇಲೆ ಬಂದ ಒಂದು ಪ್ರಸಂಗವೇ ಕಾರಣ. ಬಹಳ ವರ್ಷಗಳ ಹಿಂದೆ, ಆಷಾಢದ ಮಳೆಯಲ್ಲಿ, ಘಟ್ಟದ ಒಂದು ಬಂಗಲೆಯಲ್ಲಿ ನಾನು ಮತ್ತು ಒಬ್ಬ ಗಾರ್ಡು ಉಳಿದಿದ್ದೆವು. ಬಟ್ಟೆ ಒಣಗಿರಲಿಲ್ಲ, ಕಟ್ಟಿಗೆ ಹಸಿ. ಅಡುಗೆಮನೆಯಿಂದ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿಕೊಂಡು ಬಂದು ಮಂಚದ ಬಳಿ ಇಟ್ಟು, ಎರಚಲು ಬಾರದಿರಲೆಂದು ಕಿಟಕಿಗಳ ಸಂದಿಗೂ ಚೀಲ ತುರುಕಿ ಮಲಗಿದೆವು. ಹೊಗೆ ಕಾಣಿಸದಿದ್ದುದರಿಂದ ನಿಶ್ಚಿಂತೆ. ನಡುರಾತ್ರಿ ತಲೆ ಸಿಡಿಯುವಂತಾಗಿ ಎಚ್ಚರವಾಯಿತು. ಎದ್ದು ನಿಲ್ಲಲು ನೋಡಿದರೆ ಕಾಲು ನನ್ನದಲ್ಲ. ತೆವಳಿಕೊಂಡು ಹೋಗಿ ಬಾಗಿಲು ತೆರೆದು ಜಗಲಿಯ ಮೇಲೆ ಬಿದ್ದುಕೊಂಡ ನನಗೆ, ಗಾರ್ಡನ್ನು ಕಾಲು ಹಿಡಿದು ಎಳೆದು ತಂದದ್ದು ಅರೆಬರೆ ನೆನಪು. ಇಬ್ಬರೂ ವಾಂತಿ ಮಾಡಿಕೊಂಡೆವು, ಬದುಕಿದೆವು. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಐಡಾಹೊದ ಮನೆಯಲ್ಲಿ ಅದನ್ನು ಗುರುತಿಸಿ ಕೂಗುವ ಸಣ್ಣ ಯಂತ್ರ ಗೋಡೆಯ ಮೇಲಿರಬಹುದು. ಇಲ್ಲದಿದ್ದರೆ ಅಳಿಯನಿಗೆ ಒಂದನ್ನು ಕೊಂಡೊಯ್ಯಲು ಹೇಳಿರಿ, ಅಂಗೈಯಗಲದ ವಸ್ತು ಅದು.

ಅಡುಗೆಯ ವಿಚಾರದಲ್ಲಿ ಎತ್ತರವೇ ನಿಮ್ಮ ಎದುರಾಳಿ. 7,000 ಅಡಿಯಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಬುಡುಬುಡು ಸದ್ದು ಕೇಳಿ ಬೇಳೆ ಬೆಂದಿತೆಂದು ತಿಳಿದರೆ ತೊಗರಿ ಹಲ್ಲಿಗೆ ಸಿಗುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುವ ಹಟ ಬೇಡ, ಮೂರು ಲೀಟರಿನ ಕುಕ್ಕರ್ ಜೊತೆಗಿರಲಿ. ಅದಕ್ಕಿಂತ ಮೇಲಾದದ್ದು ನಮ್ಮ ಖಡಕ್ ರೊಟ್ಟಿ. ಕೆಡುವುದಿಲ್ಲ, ಬೆಂಕಿ ಬೇಡ, ನೀರೂ ಬೇಡ. ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಗಟ್ಟಿ ಮೊಸರು, ಉಳ್ಳಾಗಡ್ಡಿ ಇದ್ದರೆ ಎರಡು ದಿನ ಕಳೆಯುತ್ತದೆ. ಕಾಡು ಸುತ್ತುವವರಿಗಾಗಿಯೇ ಹುಟ್ಟಿದಂತಿರುವ ಊಟ ಅದು, ನಾನಂತೂ ಅದರ ಮೇಲೇ ಸೇವೆ ಮುಗಿಸಿದೆ. ಕುಡಿಯುವ ನೀರನ್ನು ಊರಿನಿಂದಲೇ ಕ್ಯಾನುಗಳಲ್ಲಿ ಒಯ್ಯುವುದು ಒಳ್ಳೆಯದು. ದಿನಕ್ಕೆ ತಲೆಗೆ ನಾಲ್ಕು ಲೀಟರಿನಂತೆ ಲೆಕ್ಕ ಹಾಕಿರಿ. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸದೆ ಕುಡಿಯಬಾರದು. 6,500 ಅಡಿಗಿಂತ ಮೇಲೆ ನೀರು ಕುದಿಬಂದ ನಂತರ ಮೂರು ನಿಮಿಷ ಕುದಿಯಬೇಕು.

ಒಗ್ಗರಣೆಯ ಬಗ್ಗೆ ಒಂದು ಮಾತು. ಆ ಬೆಟ್ಟಗಳಲ್ಲಿ ಕಪ್ಪು ಕರಡಿಗಳಿವೆ. ಮನುಷ್ಯನನ್ನು ಹುಡುಕಿಕೊಂಡು ಅವು ಬರುವುದಿಲ್ಲ, ಆದರೆ ಚಳಿಗಾಲದ ನಿದ್ರೆಗೆ ಮುಂಚೆ ಮೈಗೆ ಕೊಬ್ಬು ಏರಿಸಿಕೊಳ್ಳುವ ಸೆಪ್ಟೆಂಬರಿನಲ್ಲಿ ಹಸಿವು ಬಹಳ, ಮೂಗು ನಮ್ಮ ಊಹೆಗೆ ಮೀರಿದ್ದು. ಇಂಗು, ಬೆಳ್ಳುಳ್ಳಿಯ ಒಗ್ಗರಣೆಯನ್ನು ಹೊರಗಿನ ಬೆಂಕಿಯ ಮೇಲೆ ಹಾಕಬೇಡಿರಿ. ಉಳಿದ ಅನ್ನ, ಎಣ್ಣೆ ಬಾಟಲಿ, ಸೋಪು, ಹಲ್ಲುಪುಡಿಯನ್ನೂ ಸೇರಿಸಿ, ವಾಸನೆ ಇರುವ ಏನನ್ನೂ ರಾತ್ರಿ ಜಗಲಿಯ ಮೇಲೆ ಬಿಡಬೇಡಿರಿ. ಕಸವನ್ನು ಹೂಳುವಂತಿಲ್ಲ, ಸುಡುವಂತಿಲ್ಲ, ಕಾರಿನಲ್ಲಿ ವಾಪಸು ಒಯ್ಯಬೇಕು.

ವಯಸ್ಸಿನ ಮಾತು. ಬಾಯ್ಸಿ ನಗರ ನಮ್ಮ ಧಾರವಾಡಕ್ಕಿಂತ ತುಸುವೇ ಎತ್ತರದಲ್ಲಿದೆ, ಅಲ್ಲಿ ನಿಮಗೆ ಏನೂ ಅನ್ನಿಸದು. ಎತ್ತರದಿಂದ ಬರುವ ತಲೆನೋವು, ಓಕರಿಕೆ ಸಾಮಾನ್ಯವಾಗಿ 8,000 ಅಡಿ ದಾಟಿದ ಮೇಲೆ ತೋರುತ್ತವೆಯಾದರೂ ಕೆಲವರಿಗೆ ಅದಕ್ಕಿಂತ ಕೆಳಗೂ ತೋರಬಹುದು. ಯಜಮಾನರ ಬಿ.ಪಿ. ಮಾತ್ರೆಗಳ ಬಗ್ಗೆ ಹೊರಡುವ ಮುನ್ನ ನಿಮ್ಮ ವೈದ್ಯರನ್ನೇ ಕೇಳಿರಿ, ಅದು ನನ್ನ ಅಧಿಕಾರದ ವಿಷಯವಲ್ಲ. ನನಗೆ ಅದಕ್ಕಿಂತ ಹೆಚ್ಚು ಚಿಂತೆ ಇರುವುದು ನಡುರಾತ್ರಿಯ ಪಾಯಖಾನೆಯ ದಾರಿಯ ಬಗ್ಗೆ. ಆ ತಿಂಗಳಲ್ಲಿ ರಾತ್ರಿಯ ಉಷ್ಣಾಂಶ ಸೊನ್ನೆಯ ಹತ್ತಿರ ಇಳಿಯುತ್ತದೆ, ಮೆಟ್ಟಿಲ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಜಾರುತ್ತದೆ. ಹಗಲಿನಲ್ಲೇ ಆ ದಾರಿಯನ್ನು ಎರಡು ಸಲ ನಡೆದು ಬೇರು, ಕಲ್ಲು ಎಲ್ಲಿವೆಯೆಂದು ನೋಡಿಕೊಳ್ಳಿರಿ, ಹಣೆಗೆ ಕಟ್ಟುವ ಬ್ಯಾಟರಿ ಇದ್ದರೆ ಎರಡೂ ಕೈ ಖಾಲಿ ಇರುತ್ತವೆ, ಒಬ್ಬರೇ ಹೋಗಬೇಡಿರಿ. ಹಾಸಿಗೆ ಇರುತ್ತದೆ, ಹೊದಿಕೆ ಇರುವುದಿಲ್ಲ. ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇದ್ದರೆ ವಿಮಾನದ ತೂಕದಲ್ಲಿ ಅದಕ್ಕೆ ಜಾಗ ಮಾಡಿರಿ. ಅಂಥ ನಡುರಾತ್ರಿಯಲ್ಲಿ ಬೆಟ್ಟದ ಕಡೆಯಿಂದ ಯಾರೋ ಉದ್ದಕ್ಕೆ ಸಿಳ್ಳು ಹಾಕಿ ಕೊನೆಯಲ್ಲಿ ಗೊರಗೊರ ಎಂದಂತೆ ಕೇಳಿದರೆ ಹೆದರಬೇಡಿರಿ. ನಮ್ಮ ಕಡವೆಗಿಂತ ದೊಡ್ಡದಾದ ಎಲ್ಕ್ ಎಂಬ ಜಿಂಕೆಯ ಗಂಡು ಹೆಣ್ಣನ್ನು ಕರೆಯುವ ತಿಂಗಳು ಅದು. ಅದನ್ನು ಕೇಳಲೆಂದೇ ದುಡ್ಡು ಕೊಟ್ಟು ಹೋಗುವವರಿದ್ದಾರೆ.

ಮೊಬೈಲ್ ಅಲ್ಲಿ ನಡೆಯದು ಎಂದೇ ತಿಳಿದು, ದಾರಿಯ ನಕ್ಷೆಯನ್ನು ಕಾಗದದ ಮೇಲೆ ಒಯ್ಯಿರಿ. ಸೆಪ್ಟೆಂಬರಿನಲ್ಲೂ ಕಾಳ್ಗಿಚ್ಚಿನ ಕಾಲ ಮುಗಿದಿರುವುದಿಲ್ಲವಾದ್ದರಿಂದ ಹೊರಡುವ ಹಿಂದಿನ ದಿನ ಅಲ್ಲಿನ ರೇಂಜರ್ ಕಚೇರಿಗೆ ಫೋನ್ ಮಾಡಿ ರಸ್ತೆ ತೆರೆದಿದೆಯೇ, ಹೊರಗೆ ಬೆಂಕಿ ಹಾಕಬಹುದೇ ಎಂದು ಕೇಳಬೇಕು. ಬಾಯ್ಸಿಯ ಮನೆಯ ಹಿತ್ತಿಲಿನಿಂದ ಕಟ್ಟಿಗೆ ಒಯ್ಯಬೇಡಿರಿ. ಒಂದೂರಿನ ಮರ ಕೊರೆಯುವ ಹುಳು ಇನ್ನೊಂದೂರಿನ ಕಾಡಿಗೆ ಹೋಗುವುದು ಹೀಗೆಯೇ.

ಬಿಡುವ ದಿನ ಬೆಳಿಗ್ಗೆ ಬೂದಿಯನ್ನು ಮುಚ್ಚಳವಿರುವ ಲೋಹದ ಬಕೀಟಿಗೇ ಹಾಕಬೇಕು. ತಣ್ಣಗಾಯಿತೆಂದು ಕಾಣುವ ಬೂದಿಯೊಳಗೆ ಎರಡು ದಿನ ಕೆಂಡ ಬದುಕಿರುತ್ತದೆ. ಮೇಜು ಒರೆಸಿ, ಮುಂದೆ ಬರುವವರಿಗೆಂದು ಒಂದು ಹಿಡಿ ಸಣ್ಣ ಚಕ್ಕೆ ಸೀಳಿ ಒಲೆಯ ಬಳಿ ಇಡುವುದು ಅಲ್ಲಿನ ಒಳ್ಳೆಯ ವಾಡಿಕೆ. ಮೇಜಿನ ಮೇಲೆ ಒಂದು ನೋಟುಬುಕ್ಕು ಇರುತ್ತದೆ. ತಂಗಿದವರು ಹವೆ, ಕಂಡ ಪ್ರಾಣಿ, ಸರಿಯಾಗಿ ಮುಚ್ಚದ ಕಿಟಕಿ ಎಲ್ಲವನ್ನೂ ಅದರಲ್ಲಿ ಬರೆದಿರುತ್ತಾರೆ. ನೀವು ಕನ್ನಡದಲ್ಲೇ ಬರೆಯಿರಿ, ಕೆಳಗೆ ಮಗಳು ಇಂಗ್ಲಿಷಿನಲ್ಲಿ ಅರ್ಥ ಬರೆಯಲಿ. ಗೋಡೆಯ ಮೇಲೆ ಮಾತ್ರ ಏನನ್ನೂ ಬರೆಯಬಾರದು, ಮೊಳೆಯನ್ನೂ ಹೊಡೆಯಬಾರದು. ಆ ಗೋಡೆಗೆ ಕಾನೂನಿನ ರಕ್ಷಣೆಯಿರುವ ಸಾಧ್ಯತೆ ಬಹಳ.

ಪ್ರಶ್ನೆ: ನಮ್ಮ ತಂದೆಯವರು ಡಾಕ್ ಬಂಗಲೆ, ಮುಸಾಫರಿ ಬಂಗಲೆ, ಫಾರೆಸ್ಟ್ ಬಂಗಲೆ ಎಂದು ಬೇರೆ ಬೇರೆ ಹೆಸರು ಹೇಳುತ್ತಿದ್ದರು. ಎಲ್ಲವೂ ಒಂದೆಯೇ? ಅವು ಊರಿನಿಂದ ಅಷ್ಟು ದೂರ, ನಿರ್ಜನ ಜಾಗಗಳಲ್ಲಿ ಇರುವುದೇಕೆ? (ಗದಗದ ಓದುಗರು)

ಉತ್ತರ: ಒಂದೇ ಅಲ್ಲ, ದಾಯಾದಿಗಳು. ಟಪಾಲಿನ ದಾರಿಯಲ್ಲಿ ಒಂದೊಂದು ದಿನದ ಪ್ರಯಾಣಕ್ಕೆ ಒಂದರಂತೆ ಕಟ್ಟಿದ್ದು ಡಾಕ್ ಬಂಗಲೆ. ಎಲ್ಲ ಪ್ರಯಾಣಿಕರಿಗೂ ಬಾಗಿಲು ತೆರೆದಿದ್ದದ್ದು ಮುಸಾಫರಿ ಬಂಗಲೆ. ಈಗ ನಮ್ಮ ತಾಲೂಕು ಊರುಗಳಲ್ಲಿ ಪ್ರವಾಸಿ ಮಂದಿರ ಎಂಬ ಫಲಕ ಹೊತ್ತು ನಿಂತಿರುವುದು ಅದರ ಮುಂದಿನ ತಲೆಮಾರು. ಲೋಕೋಪಯೋಗಿ ಇಲಾಖೆಯವರ ಐ.ಬಿ., ಎಂದರೆ ಇನ್‌ಸ್ಪೆಕ್ಷನ್ ಬಂಗಲೆ, ತಪಾಸಣೆಗೆ ಬರುವ ಅಧಿಕಾರಿಗಳಿಗಾಗಿ ಕಟ್ಟಿದ್ದು. ಅರಣ್ಯ ಬಂಗಲೆ ಮಾತ್ರ ದಾರಿಯನ್ನು ನೋಡಿ ಕಟ್ಟಿದ್ದಲ್ಲ, ಮರವನ್ನು ನೋಡಿ ಕಟ್ಟಿದ್ದು.

ಮುಂಬಯಿ ಪ್ರಾಂತ್ಯದಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಎಂಬ ವೈದ್ಯ 1847ರಲ್ಲಿ ಕಾಡುಗಳ ಮೇಲ್ವಿಚಾರಕನಾಗಿ ನೇಮಕಗೊಂಡ. ಇಡೀ ದೇಶಕ್ಕೆ ಅರಣ್ಯ ಇಲಾಖೆ ಎಂಬುದು ಬಂದದ್ದು 1864ರಲ್ಲಿ, ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಅದರ ಮೊದಲ ಮಹಾನಿರೀಕ್ಷಕ. ಅದಕ್ಕೆ ಎರಡು ವರ್ಷ ಮುಂಚೆ, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಹಡಗಿಗೆ, ರೈಲು ಹಳಿಯ ಅಡಿಯ ಹಲಗೆಗೆ ತೇಗ ಬೇಕಿತ್ತು. ದಾಂಡೇಲಿ, ಹಳಿಯಾಳದ ಕಡೆಯ ತೇಗಕ್ಕೆ ಗುರುತು ಹಾಕಲು, ಎಣಿಸಲು, ಕಳವು ತಡೆಯಲು ಸಾಹೇಬನೊಬ್ಬ ಡೇರೆ, ಗುಮಾಸ್ತ, ಅಡುಗೆಯವನೊಡನೆ ಕುದುರೆಯ ಮೇಲೆ ತಿಂಗಳುಗಟ್ಟಲೆ ತಿರುಗುತ್ತಿದ್ದ. ಮರ ಎಲ್ಲಿತ್ತೋ ಬಂಗಲೆ ಅಲ್ಲಿ. ಕಟ್ಟಿದ ರೀತಿಯೂ ಲೆಕ್ಕಾಚಾರದ್ದೇ: ತೇವ ಮತ್ತು ಹಾವು ದೂರವಿರಲೆಂದು ಎತ್ತರದ ಅಡಿಪಾಯ, ಮಳೆಯ ಎರಚಲು ಗೋಡೆ ಮುಟ್ಟದಿರಲೆಂದು ಸುತ್ತಲೂ ಅಗಲ ಜಗಲಿ, ಬೆಂಕಿಯ ಭಯಕ್ಕೆ ಅಡುಗೆಮನೆ ಹಿಂದುಗಡೆ ಪ್ರತ್ಯೇಕ. ಊಟ ತಣ್ಣಗಾಗಿ ಬರುತ್ತದೆಂದು ಹೊಸ ಅಧಿಕಾರಿಗಳು ಗೊಣಗುವುದಕ್ಕೆ ಈ ಕೊನೆಯ ಏರ್ಪಾಡೇ ಕಾರಣ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡು ಹೋಗಿ ಕೆಂಪು ಹಂಚು ಬಂತು.

ಪ್ರಶ್ನೆ: ನಾವು ಹನ್ನೆರಡು ಜನ ಗೆಳೆಯರು ಸೇರಿ ಘಟ್ಟದ ಒಂದು ಹಳೆಯ ಅರಣ್ಯ ಬಂಗಲೆಗಾಗಿ ಅರ್ಜಿ ಹಾಕಿದೆವು, ಕಚೇರಿಯವರು ಕೊಡಲಿಲ್ಲ. ಸಾರ್ವಜನಿಕರ ಆಸ್ತಿಯನ್ನು ನಮಗೇಕೆ ಕೊಡುವುದಿಲ್ಲ? ಬೇರೆಲ್ಲಿ ಸಿಗುತ್ತದೆ? (ಹುಬ್ಬಳ್ಳಿಯ ತರುಣರು)

ಉತ್ತರ: ಅಮೆರಿಕದ ಮನೆಗಳಂತೆ ನಮ್ಮವು ಇನ್ನೂ ಕೆಲಸದಿಂದ ನಿವೃತ್ತವಾಗಿಲ್ಲ. ಅವುಗಳಲ್ಲಿ ಈಗಲೂ ಗಸ್ತಿನ ಸಿಬ್ಬಂದಿ ಇರುತ್ತಾರೆ, ಮೇಲಧಿಕಾರಿಗಳು ತಪಾಸಣೆಗೆ ಬರುತ್ತಾರೆ. ಅನೇಕ ಬಂಗಲೆಗಳು ಹುಲಿ ಸಂರಕ್ಷಿತ ಪ್ರದೇಶದ ಒಳಗಿವೆ. ದಾಂಡೇಲಿ-ಅಣಶಿ ಪ್ರದೇಶ 2007ರಲ್ಲಿ ಹಾಗೆ ಘೋಷಣೆಯಾಯಿತು, 2015ರಿಂದ ಅದರ ಹೆಸರು ಕಾಳಿ. 2012ರಲ್ಲಿ ಸುಪ್ರೀಂ ಕೋರ್ಟು ಹುಲಿ ಕಾಡಿನ ನಡುಭಾಗದಲ್ಲಿ ಪ್ರವಾಸೋದ್ಯಮವನ್ನು ಕೆಲವು ತಿಂಗಳು ನಿಲ್ಲಿಸಿ, ಆಮೇಲೆ ಕಟ್ಟುನಿಟ್ಟಿನ ನಿಯಮಗಳೊಡನೆ ಬಿಟ್ಟಿತು. ಹನ್ನೆರಡು ಜನ ಎಂಬ ಮಾತು ನಿಮ್ಮ ಅರ್ಜಿಯ ಮೊದಲ ಸಾಲಿನಲ್ಲಿದ್ದರೆ ಎರಡನೆಯ ಸಾಲನ್ನು ಯಾರೂ ಓದಿರಲಾರರು. ಎರಡು ಕೋಣೆಯ ಬಂಗಲೆಗೆ ಹನ್ನೆರಡು ಜನ ಬಂದರೆ ಅದು ಮದುವೆಯ ಬಿಡಾರ. ನಾನಿದ್ದರೂ ಕೊಡುತ್ತಿರಲಿಲ್ಲ.

ನಾಲ್ಕು ಜನರಾಗಿ ಹೋಗುವುದಾದರೆ ದಾರಿಗಳಿವೆ. ದಾಂಡೇಲಿಯ ಹತ್ತಿರದ ಕುಳಗಿಯಲ್ಲಿ ಇಲಾಖೆಯ ಪ್ರಕೃತಿ ಶಿಬಿರ ಇದೆ. ಅದು ಹಳೆಯ ಕಟ್ಟಡವಲ್ಲ, ಆದರೆ ಕಾಡು ಹಳೆಯದು. ಹಳೆಯ ಕಟ್ಟಡವೇ ಬೇಕೆಂದರೆ ಕೆಮ್ಮಣ್ಣುಗುಂಡಿ, 1,434 ಮೀಟರ್ ಎತ್ತರ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬರುತ್ತಿದ್ದ ಗಿರಿಧಾಮ ಅದು, ಈಗ ತೋಟಗಾರಿಕೆ ಇಲಾಖೆಯ ಕೈಯಲ್ಲಿದೆ. ಹುಬ್ಬಳ್ಳಿಯಿಂದ ಬೆಂಗಳೂರಿನ ರೈಲು ಹಿಡಿದು ಬೀರೂರಿನಲ್ಲಿ ಇಳಿದರೆ ಮುಂದೆ ಬಸ್ಸು, ಜೀಪು. ಹಿಮಾಲಯದವರೆಗೆ ಹೋಗುವ ಉತ್ಸಾಹವಿದ್ದರೆ ಚಂಬಾ ಜಿಲ್ಲೆಯ ಕಾಲಾಟೋಪಿನ ದೇವದಾರು ಕಾಡಿನ ನಡುವೆ ಒಂದು ಹಳೆಯ ಅರಣ್ಯ ವಿಶ್ರಾಂತಿ ಗೃಹವಿದೆ. ಕಾರ್ಬೆಟ್ ಉದ್ಯಾನದ ಢಿಕಾಲಾದಲ್ಲೂ ಹಳೆಯ ಬಂಗಲೆಯಿದೆ. ಆದರೆ ಆ ಭಾಗ ನವೆಂಬರ್ 15ರಿಂದ ಜೂನ್ 15ರವರೆಗೆ ಮಾತ್ರ ತೆರೆದಿರುತ್ತದೆ. ಎಲ್ಲ ಕಡೆಯೂ ಆಧಾರ್ ಕಾರ್ಡು ಕೇಳುತ್ತಾರೆ, ಸ್ಪೀಕರ್ ಬಾಕ್ಸು ಮತ್ತು ಬಾಟಲಿಗಳನ್ನು ಗೇಟಿನಲ್ಲೇ ಇಡಿಸುತ್ತಾರೆ.

ಪ್ರಶ್ನೆ: ಹಳೆಯ ಬಂಗಲೆಗಳಲ್ಲಿ ರಾತ್ರಿ ಅಟ್ಟದ ಮೇಲೆ ಹೆಜ್ಜೆ ಸಪ್ಪಳ ಕೇಳುತ್ತದೆ, ಸತ್ತ ಸಾಹೇಬನ ದೆವ್ವ ತಿರುಗುತ್ತದೆ ಎನ್ನುತ್ತಾರೆ. ನಿಮ್ಮ ಅನುಭವವೇನು? (ಹಾವೇರಿಯ ವಿದ್ಯಾರ್ಥಿನಿ)

ಉತ್ತರ: ಸಪ್ಪಳ ನಿಜ, ನಾನೂ ಎಷ್ಟೋ ಸಲ ಕೇಳಿದ್ದೇನೆ. ಸಂಜೆ ಏಳರಿಂದ ಒಂಬತ್ತರ ನಡುವೆ ಟಕ್ ಟಕ್ ಎಂದು ಬಿಟ್ಟುಬಿಟ್ಟು ಕೇಳುವುದು ಹಗಲಿನ ಬಿಸಿಲಿಗೆ ಹಿಗ್ಗಿದ ತೊಲೆ, ತಗಡುಗಳು ತಂಪಿಗೆ ಕುಗ್ಗುವ ಸದ್ದು. ನಡುರಾತ್ರಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಯಾರೋ ಮೆಟ್ಟು ಬಿಚ್ಚಿಟ್ಟು ನಡೆದಂತೆ ಕೇಳಿದರೆ ಅದು ಹೆಚ್ಚಾಗಿ ಪುನುಗು ಬೆಕ್ಕು. ಒಂದು ಬಂಗಲೆಯಲ್ಲಿ ಮೂರು ರಾತ್ರಿ ಆ ನಡಿಗೆ ಕೇಳಿ, ನಮ್ಮ ಜೊತೆಗಿದ್ದ ಹೊಸ ಗಾರ್ಡು ಜಗಲಿಯ ಮೇಲೆ ಮಲಗಲು ಒಲ್ಲೆನೆಂದು ಜೀಪಿನಲ್ಲಿ ಮಲಗಿದ. ನಾಲ್ಕನೆಯ ಬೆಳಿಗ್ಗೆ ಏಣಿ ಹಾಕಿ ಅಟ್ಟಕ್ಕೆ ಹತ್ತಿಸಿದೆ. ಕೆಳಗಿಳಿದು ಬಂದವನು ಅಂಗೈ ತೆರೆದು ತೋರಿಸಿದ: ಬಗನಿ ಮರದ ಹಣ್ಣಿನ ಬೀಜಗಳ ಒಂದು ಹಿಕ್ಕೆಯ ಮುದ್ದೆ. ಅಂದು ರಾತ್ರಿಯೂ ಅವನು ಜೀಪಿನಲ್ಲೇ ಮಲಗಿದ.